ಸರದಿ ಮುರಿದಾಗಿನ ಮೌನ: ಕಲಿಕಾ ಸಿದ್ಧಾಂತಗಳ ನೆಲೆಯಲ್ಲಿ ಒಂದು ವಿವೇಚನೆ

ಮನೋವಿಜ್ಞಾನಿ ಸ್ಟ್ಯಾನ್ಲಿ ಮಿಲ್‌ಗ್ರಾಂ ತೀರಿಕೊಂಡದ್ದು 1984ರಲ್ಲಿ. ಅವರೂ ಸಂಗಡಿಗರೂ ನ್ಯೂಯಾರ್ಕಿನಲ್ಲಿ ನಡೆಸಿದ್ದ ಒಂದು ಅಧ್ಯಯನ ಪ್ರಕಟವಾದದ್ದು 1986ರಲ್ಲಿ. ರೈಲ್ವೆ ಟಿಕೆಟ್ ಕೌಂಟರು ಮೊದಲಾದ ಕಡೆ ನಿಂತಿದ್ದ 129 ಸಾಲುಗಳಿಗೆ ಸಂಶೋಧಕರ ಕಡೆಯವರು ಬೇಕೆಂದೇ ನಡುವೆ ನುಗ್ಗಿದರು. ಒಬ್ಬರು ನುಗ್ಗಿದಾಗ ಶೇ. 54ರಷ್ಟು ಸಾಲುಗಳಲ್ಲಿ ಆಕ್ಷೇಪ ಬಂತು. ಇಬ್ಬರು ನುಗ್ಗಿದಾಗ ಶೇ. 91ರಷ್ಟರಲ್ಲಿ. ಇನ್ನೊಂದು ಏರ್ಪಾಟಿನಲ್ಲಿ, ನುಗ್ಗಿದ ಒಬ್ಬನ ಬೆನ್ನಿಗೇ ಸಂಶೋಧಕರ ಕಡೆಯ ಇಬ್ಬರು ಮೊದಲೇ ಸಾಲಿನಲ್ಲಿ ನಿಂತಿದ್ದು ತುಟಿ ಬಿಚ್ಚಲಿಲ್ಲ. ಆಗ ಆಕ್ಷೇಪ ಶೇ. 5ಕ್ಕೆ ಇಳಿಯಿತು.

ಈ ಕೊನೆಯ ಅಂಕಿಯೇ ಇಲ್ಲಿನ ಮುಖ್ಯ ಪ್ರಶ್ನೆ. ಹಿಂದಿದ್ದವರಿಗೆ ಆದ ನಷ್ಟದಲ್ಲಿ ಕಡಿಮೆಯೇನೂ ಆಗಿರಲಿಲ್ಲ. ಎಲ್ಲರ ಸರದಿಯೂ ಒಂದೊಂದು ಸ್ಥಾನ ಹಿಂದೆ ಸರಿದಿತ್ತು. ಹಾಗಿದ್ದೂ ಅವರು ಸುಮ್ಮನಾದರು. ಇದನ್ನು ಜನರ ಉದಾಸೀನವೆಂದು ತಳ್ಳಿಹಾಕುವುದನ್ನು ನಾನು ಒಪ್ಪುವುದಿಲ್ಲ. ಈ ಮೌನ ಕಲಿತದ್ದು.

ಮನೋವಿಜ್ಞಾನಿ ಥಾರ್ನ್‌ಡೈಕರ ಪರಿಣಾಮ ನಿಯಮದ ಪ್ರಕಾರ, ಹಿತವಾದ ಫಲ ಕೊಟ್ಟ ವರ್ತನೆ ನೆಲೆಗೊಳ್ಳುತ್ತದೆ. ಸಾಲಿನಲ್ಲಿ ದನಿಯೆತ್ತಿದವನಿಗೆ ಸಿಗುವ ಫಲವಾದರೂ ಏನು? ನುಗ್ಗಿದವನು ಹಿಂದೆ ಸರಿದರೆ ಲಾಭ ಹಿಂದಿನವರಿಗೆಲ್ಲ. ತಿರುಗಿಬಿದ್ದರೆ ಬೈಗುಳ ದನಿಯೆತ್ತಿದವನೊಬ್ಬನಿಗೆ. ಯಾವ ಸ್ಥಾನದಲ್ಲಿದ್ದವನ ಮಾತಿಗೆ ಬೆಲೆಯಿದೆ ಎಂಬುದನ್ನೂ ನಾವು ಚಿಕ್ಕಂದಿನಲ್ಲೇ ಕಲಿಯುತ್ತೇವೆ. ನಮ್ಮ ಶಾಲೆಗಳ ಪ್ರಾರ್ಥನೆಯ ಸಾಲನ್ನು ನೆನೆಯಿರಿ. ‘ಸಾರ್, ಇವನು ಮಧ್ಯೆ ಸೇರ್ಕೊಂಡ’ ಎಂದು ಬೆನ್ನಿಗಿದ್ದ ಹುಡುಗ ಹೇಳಿದರೆ ಮೇಷ್ಟ್ರು ಕೇಳುತ್ತಾರೆ. ಅದೇ ದೂರು ಹತ್ತು ಹುಡುಗರ ಹಿಂದಿನಿಂದ ಬಂದರೆ ‘ನಿನಗ್ಯಾಕೋ ಅದು?’ ಎಂಬ ಗದರಿಕೆ. ನ್ಯೂಯಾರ್ಕಿನಲ್ಲೂ ಹೆಚ್ಚು ಆಕ್ಷೇಪಿಸಿದವರು ನುಗ್ಗಿದವನ ಬೆನ್ನಿಗೇ ನಿಂತವರು. ಅಲ್ಲಿದ್ದವರೇ ಸುಮ್ಮನಿದ್ದಾಗ, ಆ ಮೌನ ಹಿಂದಿನವರಿಗೆ ಮಾದರಿಯಾಯಿತು.

ಮಾದರಿಯೆಂದಾಗ ಆಲ್ಬರ್ಟ್ ಬಂಡೂರರ 1965ರ ಪ್ರಯೋಗವನ್ನು ನೋಡಲೇಬೇಕು. ಗೊಂಬೆಗೆ ಹೊಡೆದ ವ್ಯಕ್ತಿಗೆ ಶಿಕ್ಷೆಯಾದದ್ದನ್ನು ಚಿತ್ರದಲ್ಲಿ ಕಂಡ ಮಕ್ಕಳು ಅವನನ್ನು ಕಡಿಮೆ ಅನುಕರಿಸಿದರು. ಆದರೆ ಕಂಡದ್ದನ್ನು ಮಾಡಿ ತೋರಿಸಿದರೆ ಬಹುಮಾನವಿದೆ ಎಂದಾಗ ಆ ವ್ಯತ್ಯಾಸ ಅಳಿಸಿಹೋಯಿತು. ಮಕ್ಕಳು ಕಲಿತಿದ್ದರು, ಆಡಿ ತೋರಿಸಿರಲಿಲ್ಲ ಅಷ್ಟೆ. ಸಾಲಿನಲ್ಲಿ ನಿಂತವರೂ ಹೀಗೆಯೇ ಎಂದು ನನ್ನ ವಾದ: ಅವರಿಗೆ ನಿಯಮ ಚೆನ್ನಾಗಿ ಗೊತ್ತು, ಆಕ್ಷೇಪಿಸುವ ಮಾತೂ ಗೊತ್ತು. ಆಕ್ಷೇಪಿಸಿದವನು ಒಂಟಿಯಾಗುವುದನ್ನು ಪದೇಪದೇ ಕಂಡಿರುವುದರಿಂದ ಆ ಮಾತು ನಾಲಿಗೆಗೆ ಬರುವುದಿಲ್ಲ.

ಈ ವಿವರಣೆಗೆ ಮಿತಿಯಿದೆ. ಮಿಲ್‌ಗ್ರಾಂ ತಮ್ಮ ಹಿಂದಿನ ಒಂದು ಅಧ್ಯಯನಕ್ಕಾಗಿ ಸುರಂಗ ರೈಲಿನಲ್ಲಿ ಅಪರಿಚಿತರೊಬ್ಬರ ಆಸನವನ್ನು ತಾವೇ ಕೇಳಲು ಹೋದಾಗ ಮಾತು ಗಂಟಲಲ್ಲೇ ಸಿಕ್ಕಿಕೊಂಡಿತ್ತು. ಅಲ್ಲಿ ಯಾರ ಗದರಿಕೆಯೂ ಇರಲಿಲ್ಲ. ಒಂದು ಸನ್ನಿವೇಶ ಪದೇಪದೇ ಅಹಿತದ ಜೊತೆ ಬಂದರೆ ಅದೊಂದೇ ಭಯ ಹುಟ್ಟಿಸುತ್ತದೆ ಎನ್ನುವ ಪಾವ್ಲೋವರ ಅನುಬಂಧನ, ಮಾತು ಕಟ್ಟಿಸುವ ಇಂಥ ಭಯ ಮೈಗೆ ಅಂಟಿಕೊಂಡ ಬಗೆಯನ್ನು ಹೇಳಬಲ್ಲದು. ಆದರೆ ಸಾಲಿನಲ್ಲಿ ನ್ಯಾಯಕ್ಕೆ ಧಕ್ಕೆಯಾದಾಗ ಏಳುವ ಸಿಟ್ಟನ್ನು ಅದು ಪೂರ್ತಿ ವಿವರಿಸಲಾರದು.

ಆದರೂ ‘ಸರದಿಯಲ್ಲಿ ಬನ್ನಿ’ ಎಂಬ ಫಲಕಗಳು ಏಕೆ ಸೋಲುತ್ತವೆ ಎಂಬುದು ಇದರಿಂದ ತಿಳಿಯುತ್ತದೆ: ಅವು ಗೊತ್ತಿರುವುದನ್ನೇ ಮತ್ತೆ ಹೇಳುತ್ತವೆ. ಬದಲಾಗಬೇಕಾದದ್ದು ಆಕ್ಷೇಪಿಸಿದವನಿಗೆ ಸಿಗುವ ಫಲ. ಕೌಂಟರಿನ ಒಳಗೆ ಕೂತವರು ನುಗ್ಗಿದವನಿಗೆ ಟಿಕೆಟ್ ಕೊಡದಿರಲಿ. ದನಿಯೆತ್ತಿದವನ ಹಿಂದಿರುವವರು ‘ಅವರು ಹೇಳಿದ್ದು ಸರಿ’ ಎಂದು ಒಂದು ಮಾತು ಸೇರಿಸಲಿ.