ಜೊಲ್ಲಿಗೆ ಅಂಟಿದ ಕಳಂಕ

1749ರಲ್ಲಿ ಸ್ಯಾಮ್ಯುಯೆಲ್ ಜಾನ್ಸನ್‌ನ ‘ದಿ ವ್ಯಾನಿಟಿ ಆಫ್ ಹ್ಯೂಮನ್ ವಿಶಸ್’ ಎಂಬ ನೀಳ್ಗವಿತೆ ಲಂಡನ್ನಿನಲ್ಲಿ ಅಚ್ಚಾಗಿ ಬಂತು. ಅಧಿಕಾರ, ವಿದ್ವತ್ತು, ಯುದ್ಧದ ಕೀರ್ತಿ, ದೀರ್ಘಾಯುಸ್ಸು, ಹೀಗೆ ಮನುಷ್ಯ ಬೇಡಿಕೊಳ್ಳುವ ಒಂದೊಂದು ಭಾಗ್ಯವೂ ಕೊನೆಗೆ ಎಲ್ಲಿಗೆ ಬಂದು ನಿಲ್ಲುತ್ತದೆ ಎಂದು ಅದು ತೋರಿಸುತ್ತದೆ. ದೀರ್ಘಾಯುಸ್ಸಿನ ಸರದಿ ಬಂದಾಗ ಜಾನ್ಸನ್, ನಾಲ್ಕು ವರ್ಷಗಳ ಹಿಂದೆ ಡಬ್ಲಿನ್ನಿನಲ್ಲಿ ತೀರಿಕೊಂಡಿದ್ದ ಜೊನಾಥನ್ ಸ್ವಿಫ್ಟ್‌ನ ಹೆಸರೆತ್ತಿದ. ‘ಗಲಿವರ್ಸ್ ಟ್ರಾವೆಲ್ಸ್’ ಬರೆದ ಆ ಮಹಾ ಲೇಖಕನನ್ನು ಆತ ಕರೆದದ್ದು ‘ಡ್ರಿವಲರ್’ ಎಂದು. ಜೊಲ್ಲು ಸುರಿಸುವವನು ಎಂಬುದು ಆ ಪದದ ಮೈಯರ್ಥ. ಬುದ್ಧಿ ಕೆಟ್ಟವನು ಎಂಬುದು ಅದರ ಒಳಗಿದ್ದ ತೀರ್ಪು.

ಆರು ವರ್ಷಗಳ ನಂತರ, 1755ರಲ್ಲಿ ಹೊರಬಂದ ತನ್ನ ಪ್ರಸಿದ್ಧ ನಿಘಂಟಿನಲ್ಲಿ ಜಾನ್ಸನ್ ಈ ತೀರ್ಪಿಗೆ ಮುದ್ರೆಯನ್ನೇ ಒತ್ತಿದ. ‘ಡ್ರಿವಲ್’ ಎಂಬ ಕ್ರಿಯಾಪದಕ್ಕೆ ಬಾಯಿಂದ ಹನಿಹನಿಯಾಗಿ ಉಗುಳು ಬೀಳಿಸುವುದು ಎಂದು ಅರ್ಥ ಕೊಟ್ಟು, ಹಾಗೆ ಮಾಡುವವರು ಯಾರು ಎಂಬುದನ್ನೂ ಹೇಳಿದ: ಮಗು, ಬುದ್ಧಿಮಾಂದ್ಯ, ಅರಳುಮರಳಿನ ಮುದುಕ. ‘ಡ್ರಿವಲರ್’ ಎಂಬ ಪದಕ್ಕೆ ಬರುವಾಗ ಉಗುಳಿನ ಪ್ರಸ್ತಾಪವೇ ಇಲ್ಲ. ನೇರವಾಗಿ ಮೂರ್ಖ ಎಂದೇ ಬರೆದ. ಮೈಯ ಒಂದು ಸ್ಥಿತಿಗೆ ಇದ್ದ ಹೆಸರು ಬುದ್ಧಿಯ ಅಳತೆಗೋಲಾಗಿ ಬದಲಾದ ಕತೆ ಇದು. ಆ ಬದಲಾವಣೆಗೆ ಹಲವು ಶತಮಾನಗಳೇ ಹಿಡಿದವು.

ಕ್ರಿ.ಶ. 1100ಕ್ಕಿಂತ ಹಿಂದಿನ ಹಳೆಯ ಇಂಗ್ಲಿಷಿನಲ್ಲಿ ಈ ಪದದ ರೂಪ ‘ಡ್ರೆವ್ಲಿಯನ್’. ಬಾಯಿಂದ ಜೊಲ್ಲು ಸುರಿಯುವುದಕ್ಕೂ ಮೂಗು ಸೋರುವುದಕ್ಕೂ ಅದೊಂದೇ ಪದ ಸಾಕಾಗುತ್ತಿತ್ತು. ಕಲಕಿದ, ಬಗ್ಗಡವಾದ ದ್ರವವನ್ನು ಸೂಚಿಸುವ ಜರ್ಮಾನಿಕ್ ಮೂಲದಿಂದ ಅದು ಬಂತೆಂದು ಭಾಷಾತಜ್ಞರು ಹೇಳುತ್ತಾರೆ. ಹೆಂಡ ಕಾಯಿಸಿದ ಮೇಲೆ ಉಳಿಯುವ ಗಷ್ಟಿಗೆ ಇಂಗ್ಲಿಷಿನಲ್ಲಿ ಇರುವ ‘ಡ್ರಾಫ್’ ಎಂಬ ಪದವೂ ಇದೇ ಬಳಗದ್ದು. ಆಮೇಲೆ ಇದಕ್ಕೆ ಜೊತೆಗಾರರು ಬಂದರು. 14ನೇ ಶತಮಾನದ ಹೊತ್ತಿಗೆ ಸ್ಕ್ಯಾಂಡಿನೇವಿಯಾದ ನುಡಿಗಳಿಂದ ‘ಸ್ಲ್ಯಾವರ್’ ಬಂತು. ಡಚ್ ಮತ್ತು ತಗ್ಗಿನ ಜರ್ಮನಿಯ ನುಡಿಗಳಿಗೆ ನಂಟಿರುವ ‘ಸ್ಲಾಬರ್’ 1400ರ ಆಸುಪಾಸಿನಲ್ಲಿ ಕಾಣಿಸಿಕೊಂಡಿತು. ಇವತ್ತು ತಿಂಡಿಯ ಚಿತ್ರ ಕಂಡವರೆಲ್ಲ ಬಳಸುವ ‘ಡ್ರೂಲ್’ ಇವುಗಳಲ್ಲಿ ಕಿರಿಯದು. ಅದು ಡ್ರಿವಲ್ ಎಂಬುದೇ ಹಳ್ಳಿಗಾಡಿನ ಬಾಯಲ್ಲಿ ಸವೆದು ಆದ ರೂಪ, 19ನೇ ಶತಮಾನದಲ್ಲಿ ಬರವಣಿಗೆಗೆ ಹತ್ತಿತು.

ಮೊದಮೊದಲು ಪದದಲ್ಲಿ ನಿಂದೆ ಇರಲಿಲ್ಲ. 14ನೇ ಶತಮಾನದ ಕೊನೆಯಲ್ಲಿ ಧರ್ಮಸುಧಾರಕ ಜಾನ್ ವಿಕ್ಲಿಫ್‌ನ ಅನುಯಾಯಿಗಳು ಬೈಬಲ್ಲನ್ನು ಇಂಗ್ಲಿಷಿಗೆ ತಂದಾಗ ದಾವೀದನ ಪ್ರಸಂಗದಲ್ಲಿ ಇದೇ ಪದದ ಹಳೆಯ ರೂಪವನ್ನು ಬಳಸಿದರು. ಇಸ್ರೇಲಿನ ರಾಜ ಸೌಲನಿಂದ ತಪ್ಪಿಸಿಕೊಂಡು ಗತ್ ಊರಿನ ರಾಜ ಆಕೀಷನ ಬಳಿಗೆ ಹೋದ ದಾವೀದ, ಜೀವ ಉಳಿಸಿಕೊಳ್ಳಲು ಹುಚ್ಚನಂತೆ ನಟಿಸುತ್ತಾನೆ. ಬಾಗಿಲ ಮೇಲೆ ಗೀಚುತ್ತಾನೆ, ಗಡ್ಡದ ಮೇಲೆ ಜೊಲ್ಲು ಇಳಿಯಬಿಡುತ್ತಾನೆ. ಹುಚ್ಚು ಹಿಡಿದವನನ್ನು ರಾಜ ಏನು ಮಾಡಿಯಾನು? ದಾವೀದ ಉಳಿದುಕೊಳ್ಳುತ್ತಾನೆ. ಗಡ್ಡದ ಮೇಲಿನ ಜೊಲ್ಲು ಕಂಡರೆ ಒಳಗೆ ಬುದ್ಧಿಯಿಲ್ಲ ಎಂದು ನೋಡುವವರು ನಂಬಿಬಿಡುತ್ತಾರೆ ಎಂಬುದರ ಮೇಲೆಯೇ ಆ ಉಪಾಯ ನಿಂತಿದೆ. ಇಡೀ ಪ್ರಸಂಗದಲ್ಲಿ ಅತ್ಯಂತ ಬುದ್ಧಿವಂತನಾಗಿದ್ದವನು ಜೊಲ್ಲು ಸುರಿಸಿದವನೇ. 1611ರ ಅಧಿಕೃತ ಅನುವಾದದ ವೇಳೆಗೆ ಆ ಜಾಗದಲ್ಲಿ ಉಗುಳು ಎನ್ನುವ ಸಾದಾ ಪದ ಬಂದು ಕೂತಿತು.

ವಿಕ್ಲಿಫ್‌ನ ಕಾಲದಲ್ಲೇ ಪದ ಇನ್ನೊಂದು ತಿರುವು ಪಡೆದಿತ್ತು. ವಿಲಿಯಂ ಲ್ಯಾಂಗ್ಲೆಂಡ್‌ನ ‘ಪಿಯರ್ಸ್ ಪ್ಲೌಮನ್’ ಕಾವ್ಯದಲ್ಲಿ ಸಿರಿವಂತರೂ ಪಂಡಿತರೂ ಹೊಟ್ಟೆ ತುಂಬ ಉಂಡು, ಪೀಠದ ಮೇಲೆ ಕೂತು ದೇವರ ಸ್ವರೂಪದ ಬಗ್ಗೆ ಚರ್ಚೆ ಮಾಡುತ್ತಾರೆ. ಹೊರಗೆ ಬಾಗಿಲಲ್ಲಿ ಬಡವರು ಹಸಿವಿನಿಂದ ಕೂಗುತ್ತಿರುತ್ತಾರೆ. ಒಳಗಿನವರ ಆ ಚರ್ಚೆಗೆ ಲ್ಯಾಂಗ್ಲೆಂಡ್ ಬಳಸಿದ ಕ್ರಿಯಾಪದ ಡ್ರಿವಲ್. ಬಾಯಿಂದ ಸುಮ್ಮನೆ ಸುರಿಯುವ ಮಾತು, ಹುರುಳಿಲ್ಲದ ಮಾತು ಎಂಬ ಅರ್ಥ ಹುಟ್ಟಿದ್ದು ಇಂಥ ಪ್ರಯೋಗಗಳಿಂದ. ಇಲ್ಲಿ ಬೈಗುಳದ ಗುರಿ ಉಳ್ಳವರು, ಅಧಿಕಾರದಲ್ಲಿದ್ದವರು. ಅಶಕ್ತರಲ್ಲ.

ಜೊಲ್ಲಿಗೂ ಹುರುಳಿಲ್ಲದ ಮಾತಿಗೂ ಇರುವ ಈ ಹೋಲಿಕೆ ಇಂಗ್ಲಿಷಿಗೆ ಮಾತ್ರ ಹೊಳೆದದ್ದೇನೂ ಅಲ್ಲ. ಫ್ರೆಂಚಿನಲ್ಲಿ ಜೊಲ್ಲಿಗೆ ‘ಬಾವ್’, ವಾಚಾಳಿಗೆ ‘ಬಾವಾರ್’. ಕನ್ನಡದಲ್ಲಿ ಜೊಲ್ಲು ಬೇರೆ ದಾರಿ ಹಿಡಿದಿದೆ. ಯಾರಾದರೂ ಜೊಲ್ಲು ಸುರಿಸುತ್ತಿದ್ದಾರೆ ಎಂದರೆ ಅವರಿಗೆ ಬುದ್ಧಿಯಿಲ್ಲ ಎಂದಲ್ಲ, ಆಸೆಬುರುಕರು ಎಂದು. ಅಲ್ಲೂ ಇಲ್ಲೂ ಅದು ಹೊಗಳಿಕೆಯಾಗಲಿಲ್ಲ ಎನ್ನುವುದಷ್ಟೇ ಸಮಾನ.

ಶೇಕ್ಸ್‌ಪಿಯರ್‌ನ ಕಾಲಕ್ಕೆ ಬೈಗುಳದ ಗುರಿ ಕೆಳಗೆ ತಿರುಗಿಬಿಟ್ಟಿತ್ತು. ‘ರೋಮಿಯೊ ಅಂಡ್ ಜೂಲಿಯೆಟ್’ ನಾಟಕದಲ್ಲಿ ಮರ್ಕ್ಯುಷಿಯೊ, ಜೊಲ್ಲು ಸುರಿಸುವ ಈ ಪ್ರೇಮ ಅತ್ತಿತ್ತ ಓಡಾಡುವ ‘ನ್ಯಾಚುರಲ್’ ಇದ್ದಂತೆ ಎಂದು ಗೇಲಿ ಮಾಡುತ್ತಾನೆ. ಈ ‘ನ್ಯಾಚುರಲ್’ ಬೀದಿಯ ಬೈಗುಳ ಮಾತ್ರವಲ್ಲ, ಕಾನೂನಿನ ಪದವೂ ಹೌದು. ಹುಟ್ಟಿನಿಂದ ಬುದ್ಧಿ ಬೆಳೆಯದವರನ್ನು ಇಂಗ್ಲೆಂಡಿನ ಕಾನೂನು ‘ನ್ಯಾಚುರಲ್ ಫೂಲ್’ ಎಂದು ಕರೆಯುತ್ತಿತ್ತು. ಅಂಥವರ ಜಮೀನು ರಾಜನ ವಶಕ್ಕೆ ಹೋಗುತ್ತಿತ್ತು. ಯಾರು ಅಂಥವರು ಎಂದು ತೀರ್ಮಾನಿಸಲು ನ್ಯಾಯಾಧೀಶ ಆಂಥೊನಿ ಫಿಟ್ಸ್‌ಹರ್ಬರ್ಟ್ 1534ರಲ್ಲಿ ಕೊಟ್ಟ ಪರೀಕ್ಷೆ ಹೀಗಿತ್ತು: ಇಪ್ಪತ್ತು ಪೆನ್ನಿ ಎಣಿಸಬಲ್ಲನೇ, ತಂದೆತಾಯಿ ಯಾರೆಂದು ಹೇಳಬಲ್ಲನೇ, ತನ್ನ ವಯಸ್ಸು ಬಲ್ಲನೇ. ಕಾನೂನು ಕೇಳಿದ್ದು ಎಣಿಕೆಯನ್ನು. ಆದರೆ ಜನ ನೋಡಿದ್ದು ಗಲ್ಲವನ್ನು.

ಸ್ವಿಫ್ಟ್‌ನ ಮೇಲೆ ಬಿದ್ದದ್ದೂ ಈ ನೋಟವೇ. 1742ರಲ್ಲಿ ಡಬ್ಲಿನ್ನಿನ ವಿಚಾರಣಾ ಆಯೋಗವೊಂದು ಆತನ ಮನಸ್ಸೂ ನೆನಪೂ ಸ್ವಸ್ಥವಾಗಿಲ್ಲ ಎಂದು ತೀರ್ಪು ಕೊಟ್ಟು, ವ್ಯವಹಾರಗಳನ್ನು ಪಾಲಕರಿಗೆ ಒಪ್ಪಿಸಿತು. 1745ರ ಅಕ್ಟೋಬರಿನಲ್ಲಿ ಆತ ತೀರಿಕೊಂಡ. ವೃದ್ಧಾಪ್ಯದ ಭಯ ಆತನಿಗೆ ಮೊದಲೇ ಇತ್ತು. 1726ರ ‘ಗಲಿವರ್ಸ್ ಟ್ರಾವೆಲ್ಸ್’ನಲ್ಲಿ ಬರುವ ಸ್ಟ್ರಲ್ಡ್‌ಬ್ರಗ್ ಜನರಿಗೆ ಸಾವೇ ಇಲ್ಲ, ಆದರೆ ಮುಪ್ಪು ತಪ್ಪದು. ಎಂಬತ್ತು ತುಂಬಿದೊಡನೆ ಅವರು ಸತ್ತರೆಂದೇ ಕಾನೂನು ಲೆಕ್ಕ ಹಾಕುತ್ತದೆ. ಇಂಥದ್ದನ್ನು ಬರೆದವನು ತನ್ನ ಆಸ್ತಿಯ ಬಹುಪಾಲನ್ನು ಡಬ್ಲಿನ್ನಿನಲ್ಲಿ ಮಾನಸಿಕ ರೋಗಿಗಳಿಗೆ ಒಂದು ಆಸ್ಪತ್ರೆ ಕಟ್ಟಲು ಬಿಟ್ಟುಹೋದ. 1757ರಲ್ಲಿ ರೋಗಿಗಳನ್ನು ಸೇರಿಸಿಕೊಳ್ಳಲು ಆರಂಭಿಸಿದ ಸೇಂಟ್ ಪ್ಯಾಟ್ರಿಕ್ಸ್ ಆಸ್ಪತ್ರೆ ಇವತ್ತಿಗೂ ನಡೆಯುತ್ತಿದೆ.

ಆತನಿಗೆ ನಿಜಕ್ಕೂ ಏನಾಗಿತ್ತು? ಈ ಪ್ರಶ್ನೆಯನ್ನು ಗಂಭೀರವಾಗಿ ಎತ್ತಿಕೊಂಡವನು ಡಬ್ಲಿನ್ನಿನ ಕಣ್ಣು ಮತ್ತು ಕಿವಿಯ ತಜ್ಞ ವಿಲಿಯಂ ವೈಲ್ಡ್, ನಾಟಕಕಾರ ಆಸ್ಕರ್ ವೈಲ್ಡ್‌ನ ತಂದೆ. 1849ರಲ್ಲಿ ಬರೆದ ಪುಸ್ತಕದಲ್ಲಿ ಆತ ಸ್ವಿಫ್ಟ್‌ನ ಪತ್ರಗಳಲ್ಲಿರುವ ತಲೆಸುತ್ತು ಮತ್ತು ಕಿವುಡುತನದ ದೂರುಗಳನ್ನು ಕಲೆಹಾಕಿ, ಸ್ವಿಫ್ಟ್ ಜೀವನವಿಡೀ ಹುಚ್ಚನಾಗಿದ್ದ ಎಂಬ ಮಾತನ್ನು ತಳ್ಳಿಹಾಕಿದ. ಕೊನೆಗಾಲದ ಸ್ಥಿತಿಗೆ ಕಾರಣ ಮೆದುಳಿನ ಕಾಯಿಲೆ ಎಂದ. ಆ ತಲೆಸುತ್ತು, 1861ರಲ್ಲಿ ಪ್ರಾಸ್ಪರ್ ಮೆನಿಯೆರ್ ವಿವರಿಸಿದ ಒಳಗಿವಿಯ ಕಾಯಿಲೆಯದು ಎಂದು ನಂತರದ ವೈದ್ಯರು ಗುರುತಿಸಿದರು. ‘ಡ್ರಿವಲರ್’ ಎಂಬ ಒಂದು ಪದದಲ್ಲಿ ಮುಗಿಸಿಬಿಟ್ಟ ಬದುಕಿನ ಹಿಂದೆ ಕಿವಿಯದೊಂದು, ಮೆದುಳಿನದೊಂದು, ಹೀಗೆ ಬೇರೆಬೇರೆ ರೋಗಗಳಿದ್ದವು.

ಸ್ವಿಫ್ಟ್ ಬದುಕಿದ್ದ 18ನೇ ಶತಮಾನದ ವೈದ್ಯರು ಬೇಕೆಂದೇ ಜೊಲ್ಲು ಸುರಿಸುವುದನ್ನೂ ಕಲಿತಿದ್ದರು. ಸಿಫಿಲಿಸ್ ಎಂಬ ಲೈಂಗಿಕ ರೋಗಕ್ಕೆ ಪಾದರಸವೇ ಮದ್ದು ಎಂದು 16ನೇ ಶತಮಾನದಿಂದ ನಂಬಿಕೆಯಿತ್ತು. ಪಾದರಸ ಮೈಗೇರಿದಾಗ ಉಗುಳು ಧಾರೆಯಾಗಿ ಸುರಿಯುತ್ತದೆ, ಒಸಡು ಊದುತ್ತದೆ, ಹಲ್ಲು ಅಲುಗಾಡುತ್ತದೆ. ಇವೆಲ್ಲ ವಿಷವೇರಿದ ಲಕ್ಷಣ. ಆದರೆ ರೋಗ ಹೊರಗೆ ಹರಿದುಹೋಗುತ್ತಿದೆ ಎಂದು ವೈದ್ಯರು ಅದನ್ನು ಶುಭಸೂಚನೆಯೆಂದೇ ತಿಳಿದರು. ಇಂಥ ರೋಗಿಗಳಿಗಾಗಿಯೇ ಲಂಡನ್ನಿನಲ್ಲಿ 1747ರಲ್ಲಿ ಲಾಕ್ ಆಸ್ಪತ್ರೆ ತೆರೆಯಿತು. ಜೊಲ್ಲಿನ ಮೇಲೆ ದಡ್ಡತನದ ಜೊತೆಗೆ ಪಾಪದ ಕಳಂಕವೂ ಬಿತ್ತು.

ಈ ಕಳಂಕಕ್ಕೆ ಒಂದು ಸ್ಪಷ್ಟ ಉತ್ತರ ಬಂದದ್ದು ನಿಘಂಟುಕಾರರಿಂದಲ್ಲ, ಲಂಡನ್ನಿನ ಹಾಕ್ಸ್‌ಟನ್ ಬಡಾವಣೆಯ ಒಬ್ಬ ವೈದ್ಯನಿಂದ. 1817ರಲ್ಲಿ ಜೇಮ್ಸ್ ಪಾರ್ಕಿನ್ಸನ್ ‘ಆ್ಯನ್ ಎಸ್ಸೇ ಆನ್ ದ ಶೇಕಿಂಗ್ ಪಾಲ್ಸಿ’ ಎಂಬ ಕಿರುಹೊತ್ತಗೆ ಪ್ರಕಟಿಸಿದ. ಅದರಲ್ಲಿರುವುದು ಆರು ಜನರ ವಿವರ. ಅವರಲ್ಲಿ ಕೆಲವರನ್ನು ಆತ ಬೀದಿಯಲ್ಲಿ ಕಂಡದ್ದಷ್ಟೇ. ಕೈ ನಡುಗುತ್ತದೆ, ಬೆನ್ನು ಬಾಗುತ್ತದೆ, ನಡಿಗೆ ತಾನಾಗಿಯೇ ಓಟವಾಗುತ್ತದೆ. ಕೊನೆಯ ಹಂತದಲ್ಲಿ ಜೊಲ್ಲು ನಿಲ್ಲದೆ ಸುರಿಯುತ್ತದೆ. ಪಾರ್ಕಿನ್ಸನ್ ಇಲ್ಲಿ ಸೂಕ್ಷ್ಮವಾದ ಒಂದು ಸಂಗತಿಯನ್ನು ಗುರುತಿಸಿದ: ಉಗುಳನ್ನು ಗಂಟಲಿನ ಹಿಂಭಾಗಕ್ಕೆ ಸಾಗಿಸುವ ಕೆಲಸ ಸೋಲುತ್ತಿದೆ, ಆದ್ದರಿಂದಲೇ ಅದು ಹೊರಗೆ ಹರಿಯುತ್ತಿದೆ. ಕಾಯಿಲೆಯ ಲಕ್ಷಣ ಹೇಳುವ ಮೊದಲ ವಾಕ್ಯದಲ್ಲೇ ಇನ್ನೊಂದನ್ನೂ ಸೇರಿಸಿದ. ಇಂದ್ರಿಯಗಳಿಗೂ ಬುದ್ಧಿಗೂ ಹಾನಿಯಿಲ್ಲ. ಎಲ್ಲ ರೋಗಿಗಳ ವಿಷಯದಲ್ಲೂ ಕೊನೆಯವರೆಗೆ ಇದು ನಿಜವಲ್ಲ ಎಂದು ಮುಂದಿನ ವೈದ್ಯರು ಕಂಡುಕೊಂಡರು. ಆದರೂ ಜಾನ್ಸನ್‌ನ ನಿಘಂಟು ಬಂದು 62 ವರ್ಷಗಳಾದ ಮೇಲೆ, ಜೊಲ್ಲು ಸುರಿಯುವ ಮನುಷ್ಯನ ಬುದ್ಧಿ ನೆಟ್ಟಗಿರಬಹುದು ಎಂದು ಒಬ್ಬ ವೈದ್ಯ ಬರೆದು ಅಚ್ಚು ಹಾಕಿಸಿದ್ದು ದೊಡ್ಡ ಮಾತು.

ಇವತ್ತಿನ ವಿಜ್ಞಾನ ಅದೇ ದಾರಿಯಲ್ಲಿ ಇನ್ನಷ್ಟು ಮುಂದೆ ಹೋಗಿದೆ. ಕಿವಿಯ ಮುಂದೆ, ದವಡೆಯ ಕೆಳಗೆ, ನಾಲಗೆಯ ಅಡಿಯಲ್ಲಿ ಇರುವ ಮೂರು ಜೋಡಿ ದೊಡ್ಡ ಗ್ರಂಥಿಗಳೂ ಸಣ್ಣಪುಟ್ಟ ಗ್ರಂಥಿಗಳೂ ಸೇರಿ ದಿನಕ್ಕೆ ಸುಮಾರು ಅರ್ಧ ಲೀಟರಿನಿಂದ ಒಂದೂವರೆ ಲೀಟರಿನಷ್ಟು ಲಾಲಾರಸ ತಯಾರಿಸುತ್ತವೆ. ಅದನ್ನು ಎಲ್ಲರೂ ಅರಿವಿಲ್ಲದೆಯೇ ನುಂಗುತ್ತಿರುತ್ತಾರೆ. ಕೂಸುಗಳಿಗೆ ತುಟಿ, ನಾಲಗೆ, ಗಂಟಲಿನ ಹೊಂದಾಣಿಕೆ ಇನ್ನೂ ಕೂಡಿಬಂದಿರುವುದಿಲ್ಲ. ಸ್ನಾಯುಗಳ ಹಿಡಿತ ತಪ್ಪಿಸುವ ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳಲ್ಲಿ, ಪಾರ್ಕಿನ್ಸನ್ ವಿವರಿಸಿದ, ಈಗ ಆತನ ಹೆಸರಿನಲ್ಲೇ ಕರೆಯುವ ಪಾರ್ಕಿನ್ಸನ್ಸ್ ಕಾಯಿಲೆ ಇರುವ ಹಿರಿಯರಲ್ಲಿ ಆ ಹೊಂದಾಣಿಕೆ ತಪ್ಪಿರುತ್ತದೆ. ಬಹುಮಟ್ಟಿಗೆ ಉಗುಳು ಹೆಚ್ಚಾಗಿರುವುದಿಲ್ಲ, ನುಂಗುವುದು ಕಡಿಮೆಯಾಗಿರುತ್ತದೆ. ಜಾನ್ಸನ್ ಮಗು, ಬುದ್ಧಿಮಾಂದ್ಯ, ಮುದುಕ ಎಂದು ಒಂದೇ ಸಾಲಿನಲ್ಲಿ ಕೂರಿಸಿದ ಮೂವರಿಗೂ ಸಮಾನವಾದದ್ದು ಸ್ನಾಯು ಮತ್ತು ನರಗಳ ಕೆಲಸ, ಬುದ್ಧಿಯ ಮಟ್ಟವಲ್ಲ.

ಭಾರತದಲ್ಲಿ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಪಟ್ಟಿ ಮಾಡಿದೆ. ಸೆರೆಬ್ರಲ್ ಪಾಲ್ಸಿ ಅದರಲ್ಲಿದೆ, ಪಾರ್ಕಿನ್ಸನ್ಸ್ ಕೂಡ ಇದೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕಡೆ ತರಬೇತಾದ ವಾಕ್ ಚಿಕಿತ್ಸಕರ ಕೆಲಸದಲ್ಲಿ ನುಂಗುವ ತೊಂದರೆಗೆ ಚಿಕಿತ್ಸೆಯೂ ಸೇರಿದೆ. ತಲೆ ನೇರವಾಗಿ ಇಟ್ಟುಕೊಳ್ಳುವುದು, ತುಟಿ ಮುಚ್ಚುವುದು, ನೆನಪಿಟ್ಟು ನುಂಗುವುದು, ಇವನ್ನೆಲ್ಲ ಅಭ್ಯಾಸ ಮಾಡಿಸುತ್ತಾರೆ. ಲಾಲಾರಸ ತಗ್ಗಿಸುವ ಔಷಧಿಗಳಿವೆ. ಗ್ರಂಥಿಗಳಿಗೆ ಕೊಡುವ ಬಾಟ್ಯುಲಿನಂ ಚುಚ್ಚುಮದ್ದಿಗೆ 2018ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಒಪ್ಪಿಗೆ ನೀಡಿದೆ.

ಮನೆಯಲ್ಲಿ ಅಜ್ಜನಿಗೋ ಅಜ್ಜಿಗೋ ಇದ್ದಕ್ಕಿದ್ದಂತೆ ಬಾಯಿಯ ಒಂದು ಪಕ್ಕ ಸೊಟ್ಟಗಾಗಿ ಜೊಲ್ಲು ಇಳಿಯತೊಡಗಿದರೆ ಅದು ಪಾರ್ಶ್ವವಾಯುವಿನ ಸೂಚನೆ ಇರಬಹುದು. ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು. ನಿಧಾನವಾಗಿ ಹೆಚ್ಚುತ್ತ ಬಂದಿದ್ದರೆ ವಯಸ್ಸಾಯಿತು ಎಂದು ಕೈಬಿಡದೆ ನರರೋಗ ತಜ್ಞರಿಗೆ ತೋರಿಸಬೇಕು. ಗಲ್ಲ ಒದ್ದೆಯಾಗಿರುವ ಮಗು ಎದುರಿಗಿದ್ದಾಗ ಅದರ ವಿಷಯವನ್ನು ತಾಯಿಯನ್ನು ಕೇಳುವುದಲ್ಲ, ಆ ಮಗುವನ್ನೇ ಮಾತನಾಡಿಸಬೇಕು, ಉತ್ತರ ಬರುವವರೆಗೆ ಕಾಯಬೇಕು.