ಹಳೆಯ ಲಾರಿಗಳ ಚಾರ್ಜಿಂಗ್ ದೋಷಗಳ ಪತ್ತೆ

ಹಳೆಯ ಲಾರಿಗಳ ಚಾರ್ಜಿಂಗ್ ದೋಷಗಳ ಪತ್ತೆ ಎಂಬುದು ಬ್ಯಾಟರಿ, ಅದನ್ನು ತುಂಬಿಸುವ ಡೈನಮೋ ಅಥವಾ ಆಲ್ಟರ್ನೇಟರ್, ರೆಗ್ಯುಲೇಟರ್ ಹಾಗೂ ಇವನ್ನು ಜೋಡಿಸುವ ತಂತಿಗಳಲ್ಲಿ ಯಾವುದು ಕೆಟ್ಟಿದೆ ಎಂಬುದನ್ನು ಅಳತೆಯಿಂದ ನಿರ್ಧರಿಸುವ ಕ್ರಮವಾಗಿದೆ. ಇಲ್ಲಿ ಹಳೆಯ ಲಾರಿ ಎಂದರೆ ಕಂಪ್ಯೂಟರ್ ನಿಯಂತ್ರಣವಿಲ್ಲದ, ಯಾಂತ್ರಿಕ ಇಂಧನ ಪಂಪನ್ನು ಹೊಂದಿದ ಡೀಸೆಲ್ ವಾಹನ. ಭಾರತದಲ್ಲಿ 1954ರಿಂದ ಜಮ್‌ಶೆಡ್‌ಪುರದಲ್ಲಿ ತಯಾರಾದ ಟಾಟಾ ಮರ್ಸಿಡಿಸ್-ಬೆಂಜ್ ಲಾರಿಗಳು, ಬಳಿಕ ಬಂದ ಟಾಟಾ ಮತ್ತು ಅಶೋಕ್ ಲೇಲ್ಯಾಂಡ್ ಸಂಸ್ಥೆಗಳ ಹಳೆಯ ಮಾದರಿಗಳು ಈ ವರ್ಗಕ್ಕೆ ಸೇರುತ್ತವೆ. ಸೆಲ್ಫ್ ತಿರುಗದಿದ್ದಾಗ ಬ್ಯಾಟರಿಯನ್ನೇ ದೂರುವುದು ವಾಡಿಕೆ. ಆದರೆ ಬರಿದಾದ ಬ್ಯಾಟರಿ ಅನೇಕ ವೇಳೆ ದೋಷದ ಮೂಲವಲ್ಲ, ದೋಷದ ಫಲ. ಕಾರಣವನ್ನು ಹುಡುಕದೆ ಹೊಸ ಬ್ಯಾಟರಿ ಹಾಕಿದರೆ ಅದೂ ಕೆಲವೇ ದಿನಗಳಲ್ಲಿ ಬರಿದಾಗುತ್ತದೆ.

ದೋಷವು ಮರೆಯಾಗಿ ಉಳಿಯುವ ಬಗೆ

ಪೆಟ್ರೋಲ್ ಎಂಜಿನ್‌ಗೆ ಕಿಡಿ ಬೇಕು. ವಿದ್ಯುತ್ ತೀರಿದರೆ ಅದು ನಿಲ್ಲುತ್ತದೆ. ಡೀಸೆಲ್ ಎಂಜಿನ್‌ನಲ್ಲಿ ಗಾಳಿಯನ್ನು ಒತ್ತಿದಾಗ ಹುಟ್ಟುವ ಶಾಖದಿಂದಲೇ ಇಂಧನ ಹೊತ್ತಿಕೊಳ್ಳುತ್ತದೆ. ಯಾಂತ್ರಿಕ ಪಂಪು ಎಂಜಿನ್‌ನ ಬಲದಿಂದಲೇ ತಿರುಗುವುದರಿಂದ, ಒಮ್ಮೆ ಚಾಲನೆಗೊಂಡ ಇಂತಹ ಲಾರಿ ವಿದ್ಯುತ್ತಿನ ಹಂಗಿಲ್ಲದೆ ಓಡಬಲ್ಲದು. ಹಗಲಿನಲ್ಲಿ ಚಾರ್ಜಿಂಗ್ ನಿಂತುಹೋದರೂ ಚಾಲಕನಿಗೆ ಅದು ತಿಳಿಯದಿರಬಹುದು. ಕತ್ತಲಾಗಿ ಹೆಡ್‌ಲೈಟ್ ಮಂಕಾದಾಗ, ಹಾರ್ನ್‌ನ ಸ್ವರ ಕುಗ್ಗಿದಾಗ ಅಥವಾ ಮರುದಿನ ಬೆಳಗ್ಗೆ ಸೆಲ್ಫ್ ಹಿಡಿಯದಿದ್ದಾಗ ಮಾತ್ರ ದೋಷ ಬಯಲಾಗುತ್ತದೆ. ಘಾಟಿಯ ರಸ್ತೆಯಲ್ಲಿ ರಾತ್ರಿ ದೀಪ ಮಂಕಾಗುವುದು ಕೇವಲ ಅನಾನುಕೂಲವಲ್ಲ, ಪ್ರಾಣಾಪಾಯ. ಲಾರಿಯನ್ನು ಇಳಿಜಾರಿನಲ್ಲಿ ನಿಲ್ಲಿಸಿ, ಉರುಳಿಸಿ ಸ್ಟಾರ್ಟ್ ಮಾಡುವ ರೂಢಿಯು ಈ ದೋಷವನ್ನು ಇನ್ನಷ್ಟು ದಿನ ಮುಚ್ಚಿಡುತ್ತದೆ.

ವ್ಯವಸ್ಥೆಯ ಸ್ವರೂಪ

ಸೀಸ-ಆಮ್ಲ ಬ್ಯಾಟರಿಯನ್ನು ಫ್ರಾನ್ಸ್‌ನ ಗಾಸ್ಟನ್ ಪ್ಲಾಂಟೆ 1859ರಲ್ಲಿ ರೂಪಿಸಿದನು. ಹಳೆಯ ವಾಹನಗಳಲ್ಲಿ ಅದನ್ನು ತುಂಬಿಸಲು ನೇರ ವಿದ್ಯುತ್ ನೀಡುವ ಡೈನಮೋ ಇರುತ್ತಿತ್ತು. ಎಂಜಿನ್ ನಿಧಾನವಾಗಿ ತಿರುಗುವಾಗ ಡೈನಮೋ ಬಹಳ ಕಡಿಮೆ ವಿದ್ಯುತ್ ಕೊಡುತ್ತದೆ. ಆಗ ಬ್ಯಾಟರಿಯ ವಿದ್ಯುತ್ತು ಡೈನಮೋಗೆ ಹಿಮ್ಮುಖವಾಗಿ ಹರಿಯದಂತೆ ಕಟೌಟ್ ಎಂಬ ರಿಲೇ ತಡೆಯುತ್ತದೆ. ಸಿಲಿಕಾನ್ ಡಯೋಡುಗಳು ಬಳಕೆಗೆ ಬಂದ ಮೇಲೆ, 1960ರ ದಶಕದಿಂದ, ಡೈನಮೋದ ಸ್ಥಾನವನ್ನು ಆಲ್ಟರ್ನೇಟರ್ ಕ್ರಮೇಣ ಪಡೆಯಿತು. ಇದು ಪರ್ಯಾಯ ವಿದ್ಯುತ್ತನ್ನು ಉತ್ಪಾದಿಸಿ ಡಯೋಡುಗಳ ಮೂಲಕ ಒಂದೇ ದಿಕ್ಕಿಗೆ ತಿರುಗಿಸುತ್ತದೆ. ಗ್ಯಾರೇಜುಗಳ ಆಡುಮಾತಿನಲ್ಲಿ ಆಲ್ಟರ್ನೇಟರನ್ನೂ ಡೈನಮೋ ಎಂದೇ ಕರೆಯುವುದುಂಟು; ಬಿಡಿಭಾಗ ಕೊಳ್ಳುವಾಗ ಯಾವುದೆಂದು ನೋಡಿ ತಿಳಿಯುವುದು ಒಳ್ಳೆಯದು.

ಕೆಲವು ಲಾರಿಗಳು 12 ವೋಲ್ಟಿನವು. 24 ವೋಲ್ಟಿನ ಲಾರಿಗಳಲ್ಲಿ 12 ವೋಲ್ಟಿನ ಎರಡು ಬ್ಯಾಟರಿಗಳನ್ನು ಸರಣಿಯಲ್ಲಿ ಜೋಡಿಸಿರುತ್ತಾರೆ. ಮುಂದೆ ಹೇಳಿದ ವೋಲ್ಟ್ ಅಳತೆಗಳು 12 ವೋಲ್ಟಿನ ವ್ಯವಸ್ಥೆಗೆ ಸಂಬಂಧಿಸಿದವು. ಬ್ಯಾಟರಿಯ ಮತ್ತು ಚಾರ್ಜಿಂಗ್‌ನ ಅಂಕಿಗಳನ್ನು 24 ವೋಲ್ಟಿನ ಲಾರಿಗೆ ಇಮ್ಮಡಿಯಾಗಿ ಎಣಿಸಬೇಕು.

ಬ್ಯಾಟರಿಯ ಪರೀಕ್ಷೆ

ಮೊದಲು ನೋಡಬೇಕಾದದ್ದು ಟರ್ಮಿನಲ್‌ಗಳನ್ನು. ಬಿಳಿ ಅಥವಾ ಹಸಿರು ಪುಡಿ ಕಟ್ಟಿದ, ಕೈಯಿಂದ ತಿರುಗಿಸಿದರೆ ಅಲುಗಾಡುವ ಟರ್ಮಿನಲ್ ಇದ್ದರೆ ಉಳಿದ ಯಾವ ಅಳತೆಯನ್ನೂ ನಂಬಲಾಗದು. ಲಾರಿ ಕೆಲವು ಗಂಟೆ ನಿಂತ ನಂತರ ಮಲ್ಟಿಮೀಟರ್‌ನಲ್ಲಿ ಅಳೆದಾಗ ಪೂರ್ಣ ಚಾರ್ಜ್ ಆದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. 12.2 ವೋಲ್ಟ್ ಇದ್ದರೆ ಅದು ಹೆಚ್ಚುಕಡಿಮೆ ಅರ್ಧ ಬರಿದಾಗಿದೆ, 11.9ಕ್ಕಿಂತ ಕೆಳಗಿದ್ದರೆ ಬಹುತೇಕ ಖಾಲಿ.

ವೋಲ್ಟ್ ಸರಿಯಿದ್ದ ಮಾತ್ರಕ್ಕೆ ಬ್ಯಾಟರಿ ಸರಿಯಿದೆ ಎನ್ನಲಾಗದು. ಸೆಲ್ಫ್ ತಿರುಗಿಸುವ ಹೊತ್ತಿನಲ್ಲಿ ಅದು 9.5 ವೋಲ್ಟಿಗಿಂತ ಕೆಳಗೆ ಕುಸಿದರೆ ಬ್ಯಾಟರಿಗೆ ಭಾರ ಹೊರುವ ಶಕ್ತಿ ಇಲ್ಲವೆಂದು ಸಾಮಾನ್ಯವಾಗಿ ತಿಳಿಯಬಹುದು. ಮುಚ್ಚಳ ತೆಗೆಯಬಹುದಾದ ಬ್ಯಾಟರಿಗಳಲ್ಲಿ ಹೈಡ್ರೋಮೀಟರ್ ಇನ್ನೂ ಸ್ಪಷ್ಟವಾದ ಉತ್ತರ ಕೊಡುತ್ತದೆ. ಚಾರ್ಜ್ ಆದ ಕೋಶದ ಆಮ್ಲದ ಸಾಪೇಕ್ಷ ಸಾಂದ್ರತೆ ಸುಮಾರು 1.26ರಷ್ಟಿರುತ್ತದೆ. ಆರು ಕೋಶಗಳಲ್ಲಿ ಐದು ಸಮನಾಗಿದ್ದು ಒಂದು ಮಾತ್ರ 0.05ರಷ್ಟು ಕೆಳಗಿದ್ದರೆ ಆ ಕೋಶ ಹಾಳಾಗಿರುವ ಸಂಭವ ಹೆಚ್ಚು. ಎಲ್ಲವೂ ಒಂದೇ ಸಮನೆ ಕಡಿಮೆಯಿದ್ದರೆ ಬ್ಯಾಟರಿಯನ್ನು ಎಸೆಯುವ ಮುನ್ನ ಚಾರ್ಜಿಂಗ್ ಕಡೆಗೆ ನೋಡಬೇಕು.

ಚಾರ್ಜಿಂಗ್ ಪರೀಕ್ಷೆ

ಎಂಜಿನ್ ಮಧ್ಯಮ ವೇಗದಲ್ಲಿ ತಿರುಗುತ್ತಿರುವಾಗ ಬ್ಯಾಟರಿಯ ತುದಿಗಳಲ್ಲಿ 13.8ರಿಂದ 14.4 ವೋಲ್ಟ್ ಕಾಣಬೇಕು. ಎಂಜಿನ್ ನಿಂತಿದ್ದಾಗ ಇದ್ದ ಅಂಕಿಯೇ ಉಳಿದರೆ ಚಾರ್ಜ್ ಆಗುತ್ತಿಲ್ಲ. 15 ವೋಲ್ಟ್ ದಾಟಿದರೆ ರೆಗ್ಯುಲೇಟರ್ ಹಿಡಿತ ತಪ್ಪಿದೆ ಎಂದರ್ಥ. ಆಗ ನೀರು ಬೇಗ ಇಂಗುತ್ತದೆ, ಬಲ್ಬುಗಳು ಪದೇ ಪದೇ ಸುಡುತ್ತವೆ. ಪ್ರತಿ ವಾರ ಡಿಸ್ಟಿಲ್ಡ್ ವಾಟರ್ ಕೇಳುವ ಬ್ಯಾಟರಿಯನ್ನು ಈ ದೃಷ್ಟಿಯಿಂದ ನೋಡಬೇಕು.

ಚಾರ್ಜ್ ಆಗದಿದ್ದಾಗ ಆಲ್ಟರ್ನೇಟರನ್ನು ಬಿಚ್ಚುವ ಮೊದಲು ಫ್ಯಾನ್ ಬೆಲ್ಟನ್ನು ಒತ್ತಿ ನೋಡುವುದು ಕ್ರಮ. ಸಡಿಲವಾದ ಬೆಲ್ಟ್ ಬರಿಯ ಓಟದಲ್ಲಿ ಸರಿಯಾಗಿಯೇ ತಿರುಗಿ, ದೀಪಗಳ ಭಾರ ಬಿದ್ದೊಡನೆ ಜಾರುತ್ತದೆ. ಡ್ಯಾಶ್‌ಬೋರ್ಡಿನ ಕೆಂಪು ಚಾರ್ಜಿಂಗ್ ದೀಪವನ್ನೂ ಗಮನಿಸಬೇಕು. ಕೀ ತಿರುಗಿಸಿದಾಗ ಅದು ಉರಿಯಬೇಕು, ಎಂಜಿನ್ ಓಡಿದಾಗ ಆರಬೇಕು. ಅನೇಕ ಆಲ್ಟರ್ನೇಟರುಗಳಿಗೆ ಆರಂಭದ ಕಾಂತತ್ವಕ್ಕೆ ಬೇಕಾದ ಅಲ್ಪ ವಿದ್ಯುತ್ತು ಈ ಬಲ್ಬಿನ ಮೂಲಕವೇ ಬರುತ್ತದೆ. ಹೀಗಾಗಿ ಆ ಬಲ್ಬು ಸುಟ್ಟರೆ ದೋಷವಿಲ್ಲದ ಆಲ್ಟರ್ನೇಟರ್ ಕೂಡ ಚಾರ್ಜ್ ಮಾಡದೆ ಉಳಿಯಬಹುದು. ಇವೆಲ್ಲ ಸರಿಯಿದ್ದರೆ ಸವೆದ ಕಾರ್ಬನ್ ಬ್ರಷ್, ರೆಗ್ಯುಲೇಟರ್ ಮತ್ತು ಡಯೋಡುಗಳ ಸರದಿ.

ತಂತಿ ಮತ್ತು ಅರ್ತ್

ಹಳೆಯ ಲಾರಿಗಳಲ್ಲಿ ಅತಿ ಹೆಚ್ಚು ಕಾಲ ತಿನ್ನುವ ದೋಷಗಳು ಇಲ್ಲಿಯೇ ಇರುತ್ತವೆ. ಭಾರತದಲ್ಲಿ ಅನೇಕ ಲಾರಿಗಳು ಚಾಸಿಸ್ ರೂಪದಲ್ಲಿ ಮಾರಾಟವಾಗಿ, ಕ್ಯಾಬಿನ್ ಹಾಗೂ ಬಾಡಿಯನ್ನು ಸ್ಥಳೀಯ ಬಾಡಿ ಬಿಲ್ಡರ್‌ಗಳಿಂದ ಪಡೆದಿವೆ. ಅವರು ಎಳೆದ ತಂತಿಗಳು ಕಾರ್ಖಾನೆಯ ನಕ್ಷೆಯಲ್ಲಿ ಇರುವುದಿಲ್ಲ. ಮರದ ಚೌಕಟ್ಟಿನ ಮೂಲಕ ವಿದ್ಯುತ್ ಹರಿಯದ ಕಾರಣ ಪ್ರತಿ ದೀಪಕ್ಕೂ ಪ್ರತ್ಯೇಕ ಅರ್ತ್ ತಂತಿ ಬೇಕು. ಅದು ತುಕ್ಕು ಹಿಡಿದ ಬೋಲ್ಟಿಗೆ ಸಿಕ್ಕಿಸಿದ್ದರೆ ಬ್ರೇಕ್ ಒತ್ತಿದಾಗ ಇಂಡಿಕೇಟರ್ ಮಿನುಗುವಂತಹ ವಿಚಿತ್ರಗಳು ಕಾಣುತ್ತವೆ.

ಇದನ್ನು ಕಣ್ಣಿನಿಂದ ಕಾಣಲಾಗದು, ಅಳೆಯಬೇಕು. ಹೆಡ್‌ಲೈಟ್ ಉರಿಯುತ್ತಾ ಎಂಜಿನ್ ಓಡುತ್ತಿರುವಾಗ ಮೀಟರಿನ ಒಂದು ಕಡ್ಡಿಯನ್ನು ಆಲ್ಟರ್ನೇಟರ್‌ನ ಮುಖ್ಯ ತುದಿಗೂ ಇನ್ನೊಂದನ್ನು ಬ್ಯಾಟರಿಯ ಧನ ತುದಿಗೂ ಇಡಬೇಕು. ಒಳ್ಳೆಯ ತಂತಿಯಲ್ಲಿ ವ್ಯತ್ಯಾಸ 0.3 ವೋಲ್ಟ್ ಮೀರದು. ಆಲ್ಟರ್ನೇಟರ್‌ನ ಮೈ ಮತ್ತು ಬ್ಯಾಟರಿಯ ಋಣ ತುದಿಯ ನಡುವೆ 0.2 ವೋಲ್ಟ್ ಮೀರಬಾರದು. ಮೀರಿದರೆ ಬಿಡಿಭಾಗ ಬದಲಿಸುವ ಅಗತ್ಯವಿಲ್ಲ. ಜೋಡಣೆಗಳನ್ನು ಬಿಚ್ಚಿ, ಉಜ್ಜಿ, ಬಿಗಿಗೊಳಿಸಿದರೆ ಸಾಕಾಗಬಹುದು.

24 ವೋಲ್ಟಿನ ಲಾರಿಗಳಲ್ಲಿ ಟೇಪ್ ರೆಕಾರ್ಡರ್‌ಗೋ ಅಲಂಕಾರದ ದೀಪಗಳಿಗೋ ಒಂದೇ ಬ್ಯಾಟರಿಯಿಂದ 12 ವೋಲ್ಟ್ ತೆಗೆದಿರುವುದು ಪ್ರತ್ಯೇಕ ಸಮಸ್ಯೆ. ಆ ಬ್ಯಾಟರಿ ಸದಾ ಅರೆಹೊಟ್ಟೆಯಲ್ಲಿರುತ್ತದೆ, ಜೊತೆಯದು ಅತಿಯಾಗಿ ಚಾರ್ಜ್ ಆಗುತ್ತದೆ. ಎರಡೂ ಬೇಗ ಹಾಳಾಗುತ್ತವೆ. ವೋಲ್ಟ್ ಇಳಿಸುವ ಕನ್ವರ್ಟರ್ ಹಾಕುವುದೇ ಇದಕ್ಕೆ ಸರಿಯಾದ ಉಪಾಯ.

ನಿಂತಾಗಿನ ಸೋರಿಕೆ

ಕೀ ತೆಗೆದ ಮೇಲೆ ಹಳೆಯ ಲಾರಿಯಲ್ಲಿ ವಿದ್ಯುತ್ ಹರಿವು ಬಹುತೇಕ ಶೂನ್ಯವಾಗಿರಬೇಕು. ಋಣ ಕೇಬಲನ್ನು ಬಿಚ್ಚಿ ನಡುವೆ ಆಮ್ಮೀಟರ್ ಇಟ್ಟು ಇದನ್ನು ನೋಡಬಹುದು. ಆಗ ಸೆಲ್ಫ್ ತಿರುಗಿಸಿದರೆ ಮೀಟರ್ ಸುಟ್ಟುಹೋಗುತ್ತದೆ. ಹರಿವು ಕಂಡರೆ ಫ್ಯೂಸುಗಳನ್ನು ಒಂದೊಂದಾಗಿ ತೆಗೆಯಬೇಕು. ಯಾವುದನ್ನು ತೆಗೆದಾಗ ಅಂಕಿ ಇಳಿಯುವುದೋ ಆ ಶಾಖೆಯಲ್ಲಿ ದೋಷವಿದೆ. 21 ವ್ಯಾಟಿನ ಒಂದು ಬಲ್ಬು ಮರೆತು ಉರಿದರೆ 12 ಗಂಟೆಗಳಲ್ಲಿ ಸುಮಾರು 21 ಆಂಪಿಯರ್-ಗಂಟೆಯಷ್ಟು ಬರಿದಾಗುತ್ತದೆ. ಎಲ್ಲ ಫ್ಯೂಸು ತೆಗೆದರೂ ಹರಿವು ನಿಲ್ಲದಿದ್ದರೆ ಆಲ್ಟರ್ನೇಟರ್‌ನ ಡಯೋಡ್ ಸೋರುತ್ತಿರಬಹುದು. ರಾತ್ರಿಯಿಡೀ ನಿಂತ ಲಾರಿಯ ಆಲ್ಟರ್ನೇಟರ್ ಬೆಳಗ್ಗೆ ಮುಟ್ಟಿದಾಗ ಬೆಚ್ಚಗಿರುವುದು ಇದರ ಗುರುತು.

ಎಚ್ಚರಿಕೆಗಳು

ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ಕೇಬಲ್ ಕಳಚಿ ಚಾರ್ಜಿಂಗ್ ಪರೀಕ್ಷಿಸುವ ಪದ್ಧತಿ ಡೈನಮೋ ಕಾಲದ ಪಳೆಯುಳಿಕೆ. ಆಲ್ಟರ್ನೇಟರ್ ಇರುವ ಲಾರಿಯಲ್ಲಿ ಹೀಗೆ ಮಾಡಿದರೆ ವೋಲ್ಟ್ ಒಮ್ಮೆಲೇ ಏರಿ ಡಯೋಡುಗಳೂ ರೆಗ್ಯುಲೇಟರೂ ಸುಡಬಹುದು. ಚಾರ್ಜ್ ಆಗುವ ಬ್ಯಾಟರಿಯಿಂದ ಹೊರಡುವ ಜಲಜನಕ ಸ್ಫೋಟಕ ಅನಿಲವಾದ್ದರಿಂದ ಹತ್ತಿರ ಬೀಡಿ, ಬೆಂಕಿಕಡ್ಡಿ, ಕಿಡಿ ಸಲ್ಲದು. ಅರ್ತ್ ಆಗಿರುವ ಕೇಬಲನ್ನು ಮೊದಲು ಬಿಚ್ಚಿ ಕೊನೆಯಲ್ಲಿ ಜೋಡಿಸಬೇಕು. ಬ್ರಿಟಿಷ್ ವಿನ್ಯಾಸದ ಕೆಲವು ಹಳೆಯ ವಾಹನಗಳಲ್ಲಿ ಅರ್ತ್ ಆಗಿರುವುದು ಧನ ತುದಿ. ಚಾಸಿಸ್‌ಗೆ ಆರ್ಕ್ ವೆಲ್ಡಿಂಗ್ ಮಾಡಿಸುವ ಮೊದಲು ಬ್ಯಾಟರಿಯ ಎರಡೂ ಕೇಬಲ್‌ಗಳನ್ನು, ಆ ಮೇಲೆ ಆಲ್ಟರ್ನೇಟರ್‌ನ ತಂತಿಗಳನ್ನು ಕಳಚಿಡಬೇಕು.