ಓದಿದ ಸನಾದಿ, ಕೇಳಿದ ಸನಾದಿ

ಕಾದಂಬರಿಯೊಂದು ಚಲನಚಿತ್ರವಾಗಿ ತೆರೆಗೆ ಬಂದಾಗಲೆಲ್ಲ ನಮ್ಮ ಓದುಗರಲ್ಲಿ ಒಂದು ಬಗೆಯ ಲೆಕ್ಕ ತಪಾಸಣೆ ನಡೆಯುವುದುಂಟು. ಯಾವ ಪಾತ್ರವನ್ನು ಕೈಬಿಟ್ಟರು, ಯಾವ ಪ್ರಸಂಗವನ್ನು ಹೊಸದಾಗಿ ಸೇರಿಸಿದರು, ಕೊನೆಯನ್ನೇಕೆ ಬದಲಿಸಿದರು ಎಂದು ಕೇಳುತ್ತೇವೆ. ಈ ಲೆಕ್ಕ ಬೇಡವೆಂದು ನಾನು ಹೇಳಲಾರೆ. ಆದರೆ ವಾದಕರ, ಗಾಯಕರ ಬಾಳನ್ನು ಚಿತ್ರಿಸುವ ಕೃತಿಗಳ ಮಟ್ಟಿಗೆ ಇಷ್ಟು ಸಾಲದು. ಅಲ್ಲಿ ಕಣ್ಣಿನ ಸಾಕ್ಷ್ಯದೊಡನೆ ಕಿವಿಯ ಸಾಕ್ಷ್ಯವನ್ನೂ ಪಡೆಯಬೇಕು.

ಕಾರಣ ಸರಳವಾದುದು. ಪುಸ್ತಕದಲ್ಲಿ ನಾದವಿರುವುದಿಲ್ಲ, ನಾದದ ವರ್ಣನೆ ಮಾತ್ರವಿರುತ್ತದೆ. ಆ ವರ್ಣನೆಗೆ ದನಿ ಕೊಡುವವನು ಓದುಗ. ತಾನು ಬಾಳಿನಲ್ಲಿ ಕೇಳಿದ್ದನ್ನೇ ಅವನು ಅಲ್ಲಿ ತುಂಬಿಕೊಳ್ಳುತ್ತಾನೆ. ಚಲನಚಿತ್ರಕ್ಕೆ ಈ ಅನುಕೂಲವಿಲ್ಲ. ಅದು ಯಾವುದೋ ಒಂದು ದನಿಯನ್ನು ಆರಿಸಿಕೊಳ್ಳಲೇಬೇಕು.

ತ.ರಾ. ಸುಬ್ಬರಾಯರ ‘ಹಂಸಗೀತೆ’ಯ ಚರಿತ್ರೆ ಇದಕ್ಕೆ ಒಳ್ಳೆಯ ನಿದರ್ಶನ. ಚಿತ್ರದುರ್ಗದ ಸಂಗೀತಗಾರನೊಬ್ಬನ ಕಥೆಯಿದು. ೧೯೫೬ರಲ್ಲಿ ಈ ಕಾದಂಬರಿಯ ಆಧಾರದ ಮೇಲೆ ಹಿಂದಿಯಲ್ಲಿ ‘ಬಸಂತ್ ಬಹಾರ್’ ಬಂದಾಗ ಅದರ ಸಂಗೀತವೆಲ್ಲ ಹಿಂದೂಸ್ತಾನಿಯಾಯಿತು. ನಮ್ಮ ಗದುಗಿನ ಭೀಮಸೇನ ಜೋಶಿಯವರೂ ಮನ್ನಾ ಡೇ ಅವರೂ ಅಲ್ಲಿ ಸ್ಪರ್ಧೆಯ ಹಾಡನ್ನು ಹಾಡಿದರು. ೧೯೭೫ರಲ್ಲಿ ಜಿ.ವಿ. ಅಯ್ಯರ್ ಅದೇ ಕಾದಂಬರಿಯನ್ನು ಕನ್ನಡದಲ್ಲಿ ಚಿತ್ರಿಸಿದಾಗ ಬಾಲಮುರಳಿಕೃಷ್ಣ ಅವರ ಮೂಲಕ ಕರ್ನಾಟಕ ಸಂಗೀತ ಮರಳಿ ಬಂತು. ಕಥೆಯೊಂದೇ, ನಾದ ಎರಡು. ಕೇಳುವವರ ಕಿವಿ ಯಾವ ಸಂಪ್ರದಾಯಕ್ಕೆ ಒಗ್ಗಿದೆಯೋ ಅದರಂತೆ ನಾಯಕನ ಕಂಠವೇ ಬದಲಾಯಿತು.

ಅದೇ ೧೯೭೫ರಲ್ಲಿ ಇನ್ನೊಂದು ದಾರಿಯೂ ಕಂಡಿತು. ಶಿವರಾಮ ಕಾರಂತರ ‘ಚೋಮನ ದುಡಿ’ ೧೯೩೩ರ ಕಾದಂಬರಿ. ಉಳಲು ಅಂಗೈಯಗಲ ಭೂಮಿಯೂ ದಕ್ಕದ ಚೋಮ ತನ್ನ ಸಿಟ್ಟು ಸಂಕಟಗಳನ್ನೆಲ್ಲ ದುಡಿಯ ಮೇಲೆ ಬಡಿದು ತೀರಿಸಿಕೊಳ್ಳುತ್ತಾನೆ. ಬಿ.ವಿ. ಕಾರಂತರು ಅದನ್ನು ತೆರೆಗೆ ತಂದಾಗ ಆ ದುಡಿಯ ಬಡಿತವನ್ನು ನಯಗೊಳಿಸಲು ಹೋಗಲಿಲ್ಲ. ಅದು ಕಛೇರಿಯ ವಾದ್ಯವಾಗದೆ ಚೋಮನ ವಾದ್ಯವಾಗಿಯೇ ಉಳಿಯಿತು.

ಇನ್ನು ನಮ್ಮ ಸೀಮೆಯ ಮಾತಿಗೆ ಬರುತ್ತೇನೆ. ವಿಜಯಪುರದ ಸುತ್ತ, ಇಂದು ತಾಲ್ಲೂಕು ಕೇಂದ್ರಗಳಾಗಿರುವ ತಿಕೋಟಾ, ಬಬಲೇಶ್ವರಗಳ ಕಡೆ, ಸನಾದಿ ಎಂದರೆ ಯಾರಿಗೂ ಅರ್ಥ ಹೇಳಬೇಕಾಗಿರಲಿಲ್ಲ. ಮದುವೆಯ ಅರಿಷಿಣದಿಂದ ಹಿಡಿದು ಜಾತ್ರೆಯ ಪಲ್ಲಕ್ಕಿಯವರೆಗೆ ಸನಾದಿ, ಶ್ರುತಿ, ಸಂಬಾಳಗಳ ಮೇಳ ಮುಂದೆ ನಡೆಯಲೇಬೇಕು. ಹಳೆಯ ಮೈಸೂರಿನವರು ಓಲಗವೆನ್ನುವ ಸ್ಥಾನದಲ್ಲಿ ನಮ್ಮದು ಭಜಂತ್ರಿ. ಊದುವವನಿಲ್ಲದೆ ಶುಭಕಾರ್ಯವಿಲ್ಲ, ಆದರೆ ಊಟದ ಹೊತ್ತಿಗೆ ಅವನ ಸ್ಥಳ ಅಂಗಳದಾಚೆ. ಈ ವಿಪರೀತವನ್ನು ನನ್ನ ತಲೆಮಾರಿನವರು ಕಣ್ಣಾರೆ ಕಂಡಿದ್ದೇವೆ.

ಕೃಷ್ಣೆಯಾಚೆಯ ಬೀಳಗಿ ಆಗ ಬಿಜಾಪುರ ಜಿಲ್ಲೆಗೇ ಸೇರಿತ್ತು. ೧೯೯೭ರಲ್ಲಿ ಬಾಗಲಕೋಟೆ ಪ್ರತ್ಯೇಕ ಜಿಲ್ಲೆಯಾದಾಗ ಅದು ಆ ಕಡೆಗೆ ಹೋಯಿತು. ಆ ಬೀಳಗಿಯಲ್ಲಿ ಬಾಳಿದ ಸನಾದಿ ವಾದಕ ಅಪ್ಪಣ್ಣನ ಜೀವನವನ್ನು ಆಧರಿಸಿ ಕೃಷ್ಣಮೂರ್ತಿ ಪುರಾಣಿಕರು ಬರೆದರು. ‘ಕರುಣೆಯೇ ಕುಟುಂಬದ ಕಣ್ಣು’ (೧೯೬೨), ‘ಕುಲವಧು’ (೧೯೬೩) ಮೊದಲಾದ ಚಿತ್ರಗಳಿಗೆ ಮೂಲಕೃತಿಗಳನ್ನು ಕೊಟ್ಟವರೂ ಅವರೇ. ಅಪ್ಪಣ್ಣನ ಕಥೆ ೧೯೭೭ರಲ್ಲಿ ವಿಜಯ್ ಅವರ ನಿರ್ದೇಶನದಲ್ಲಿ ‘ಸನಾದಿ ಅಪ್ಪಣ್ಣ’ ಎಂಬ ಚಿತ್ರವಾಯಿತು. ಅಪ್ಪಣ್ಣನಾಗಿ ರಾಜಕುಮಾರ್, ನರ್ತಕಿ ಬಸಂತಿಯಾಗಿ ಜಯಪ್ರದಾ, ಸಂಗೀತ ಜಿ.ಕೆ. ವೆಂಕಟೇಶ್. ರಾಜಕುಮಾರರ ತುಟಿಯಲ್ಲಿದ್ದ ವಾದ್ಯಕ್ಕೆ ಉಸಿರು ಕೊಟ್ಟವರಾದರೋ ಉಸ್ತಾದ್ ಬಿಸ್ಮಿಲ್ಲಾ ಖಾನ್.

ಆಗ ನಾನು ಕಾಲೇಜು ವಿದ್ಯಾರ್ಥಿ. ‘ಕರೆದರೂ ಕೇಳದೆ’ ಹಾಡಿನ ನಡುವೆ ಆ ಶಹನಾಯಿ ಎದ್ದಾಗ ಚಿತ್ರಮಂದಿರವೇ ಮೌನವಾಗುತ್ತಿತ್ತು. ಚಿತ್ರವನ್ನು ನೋಡಿ ಬಂದ ಬಬಲೇಶ್ವರದ ಕಡೆಯ ಮುದಿ ವಾದಕನೊಬ್ಬನನ್ನು, ಹೇಗಿತ್ತೆಂದು ಕೇಳಿದೆ. ಅವನೆಂದ: “ಬಾರಿಸಿದಾಂವ ದೊಡ್ಡಾಂವ ಅದಾನ ತಮ್ಮಾ, ಕೈ ಮುಗೀಬೇಕು. ಆದ್ರ ಅದು ಕುಂತು ಬಾರಿಸೂದು. ನಂದು ನಡಕೋತ ಬಾರಿಸೂದು.”

ವಿಮರ್ಶೆಯ ಗ್ರಂಥಗಳಲ್ಲಿ ನನಗೆ ದೊರೆಯದ ಸೂತ್ರ ಆ ಮಾತಿನಲ್ಲಿ ದೊರೆಯಿತು. ಕಾಶಿಯ ಶಹನಾಯಿ ಕಛೇರಿಯ ವೇದಿಕೆಯನ್ನು ಏರಿದ ವಾದ್ಯ. ಅದು ರಾಗವನ್ನು ನಿಧಾನವಾಗಿ ಬಿಡಿಸುತ್ತದೆ. ನಮ್ಮ ಸನಾದಿ ಧೂಳಿನ ಹಾದಿಯಲ್ಲಿ, ಮಂದಿಯ ಗದ್ದಲವನ್ನು ಸೀಳಿಕೊಂಡು, ಸಂಬಾಳದ ಪೆಟ್ಟಿಗೆ ಹೆಜ್ಜೆ ಕೂಡಿಸುತ್ತ ನುಡಿಯಬೇಕು. ಪುಸ್ತಕವನ್ನು ಓದುವಾಗ ತಿಕೋಟಾದ ಓದುಗನಿಗೆ ಕೇಳಿಸುವುದು ಈ ಎರಡನೆಯದು. ತೆರೆಯ ಮೇಲೆ ಕೇಳಿಸಿದ್ದು ಮೊದಲನೆಯದು.

ಹಾಗೆಂದು ಚಿತ್ರವನ್ನು ನಾನು ದೂರಲಾರೆ. ಅಂಗಳದಾಚೆ ಕುಳಿತವನನ್ನು ಕರ್ನಾಟಕದ ಅತ್ಯಂತ ಪ್ರೀತಿಯ ನಟನ ರೂಪದಲ್ಲಿ ನಡುಮನೆಗೆ ಕರೆತಂದದ್ದು ಸಾಮಾನ್ಯ ಸಂಗತಿಯಲ್ಲ. ಸನಾದಿ ಎಂಬ ಶಬ್ದವನ್ನೇ ಕೇಳದ ಕಡೆಗಳಲ್ಲಿಯೂ ಅದು ಮನೆಮಾತಾಯಿತು. ೨೦೦೧ರಲ್ಲಿ ಭಾರತರತ್ನರಾದ ಮಹಾವಾದಕರ ಉಸಿರು ಬೀಳಗಿಯ ಬಡ ಕಲಾವಿದನ ಹೆಸರಿನೊಡನೆ ಬೆರೆತದ್ದೂ ಒಂದು ಗೌರವವೇ. ಆದರೆ ಆ ಗೌರವ ವಾದಕನ ಹೆಸರಿಗೆ ಸಂದಿತು. ಅವನ ನಾದಕ್ಕೆ ಸಲ್ಲಲಿಲ್ಲ. ಚೋಮನಿಗೆ ಎರಡೂ ಸಂದವು.

ಹೀಗಾಗಿ ಕೃತಿಯನ್ನೂ ಚಿತ್ರವನ್ನೂ ಎದುರಿಗಿಟ್ಟು ನೋಡುವಾಗ, ಕಥೆ ಎಷ್ಟು ಉಳಿಯಿತೆಂಬುದರ ಜೊತೆಗೆ ಯಾರ ದನಿ ಉಳಿಯಿತೆಂದೂ ಕೇಳೋಣ. ಈ ಪ್ರಶ್ನೆಗೆ ಇಂದು ಅವಸರವೂ ಇದೆ. ನಮ್ಮ ಮೆರವಣಿಗೆಗಳ ಮುಂದೆ ಈಗ ಡಿ.ಜೆ. ಪೆಟ್ಟಿಗೆಗಳು ಸಾಗುತ್ತಿವೆ. ಸನಾದಿಯನ್ನು ಎಂದೂ ಕೇಳದ ಹುಡುಗನೊಬ್ಬ ನಾಳೆ ಪುರಾಣಿಕರನ್ನು ಓದಿದರೆ, ಆ ಪುಟಗಳಿಗೆ ತುಂಬಲು ಅವನ ಬಳಿ ದನಿಯೇ ಇರುವುದಿಲ್ಲ. ಅವನಿಗೆ ಚಿತ್ರದ ಶಹನಾಯಿಯೊಂದೇ ಗತಿ. ನಮ್ಮ ಹಳ್ಳಿಗಳಲ್ಲಿ ಇನ್ನೂ ಉಳಿದಿರುವ ನಾಲ್ಕಾರು ಹಿರಿಯ ವಾದಕರನ್ನು ನಡೆಯುತ್ತಲೇ ನುಡಿಸಹೇಳಿ, ಆ ನಾದವನ್ನು ಮುದ್ರಿಸಿಟ್ಟುಕೊಳ್ಳುವುದು ನಮ್ಮ ಕಾಲೇಜುಗಳ ಕನ್ನಡ ವಿಭಾಗಗಳಿಗೆ ಮೀರಿದ ಕೆಲಸವಲ್ಲ. ಸಾಹಿತ್ಯದ ಪಾಠಕ್ಕೆ ಅದೂ ಒಂದು ಟಿಪ್ಪಣಿಯೇ.